ಒಂಬತ್ತನೇ ತರಗತಿಯಲ್ಲೇ ತೀರ್ಪು ಬರೆಯುವವರು

ಎಂಟನೇ ತರಗತಿಯ ಗಣಿತದಲ್ಲಿ ಹನ್ನೆರಡು ಅಂಕ ಪಡೆದ ಹುಡುಗ ಕಾಲೇಜಿನ ಮೆಟ್ಟಿಲು ಹತ್ತಲಾರ ಎಂದು ಹೇಳಿದವರು ಯಾರು? ಸರಕಾರವಂತೂ ಹೇಳಿಲ್ಲ. ಪಿಯುಸಿ ಪ್ರವೇಶಕ್ಕೆ ಲೆಕ್ಕಕ್ಕೆ ಬರುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಪದವಿ ಪ್ರವೇಶಕ್ಕೆ ಪಿಯುಸಿ ಅಂಕಪಟ್ಟಿ. ಎಂಟು, ಒಂಬತ್ತರ ಅಂಕಗಳು ಶಾಲೆಯ ರಿಜಿಸ್ಟರಿನಲ್ಲೇ ಉಳಿದುಬಿಡುತ್ತವೆ. ಹಾಗಿದ್ದೂ ಅವುಗಳನ್ನೇ ಹಿಡಿದು ಮಕ್ಕಳ ಹಣೆಬರಹ ಬರೆಯುವವರು ಮೂವರಿದ್ದಾರೆ: ಶಾಲೆ, ಮನೆ ಮತ್ತು ಸಮುದಾಯ.

ಮೊದಲು ಶಾಲೆಯನ್ನು ನೋಡೋಣ. 'ನೂರಕ್ಕೆ ನೂರು ಫಲಿತಾಂಶ' ಎಂಬ ಬ್ಯಾನರಿಗಾಗಿ ಒಂಬತ್ತನೇ ತರಗತಿಯಲ್ಲೇ ದುರ್ಬಲರನ್ನು ಸೋಸಿ, ಪಾಲಕರನ್ನು ಕರೆಸಿ, ಟಿ.ಸಿ. ಕೈಗಿಡುವ ಆಡಳಿತ ಮಂಡಳಿಗಳು ನಮ್ಮ ನಡುವೆ ಇವೆ. ರೋಗಿಗಳನ್ನು ಹೊರಗಟ್ಟಿ ನಮ್ಮಲ್ಲಿ ಯಾರೂ ಸತ್ತಿಲ್ಲ ಎನ್ನುವ ಆಸ್ಪತ್ರೆಯನ್ನು ನಾವು ಮೆಚ್ಚುತ್ತೇವೆಯೇ? ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದ 2024ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಕುಸಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಕಲಿಸದೇ ಬಿಟ್ಟದ್ದು ಅಂದು ಬಯಲಾಯಿತು.

ಇನ್ನು ಹೊನ್ನಾಳಿಯಂಥ ಊರಿನ ಮಗು ಹಿಂದೆ ಬೀಳುವುದೇಕೆ? ಉರ್ದು ಮಾಧ್ಯಮದಲ್ಲಿ ಓದಿದ ಮಗು ಹೈಸ್ಕೂಲಿಗೆ ಬಂದಾಗ ಗಣಿತ, ವಿಜ್ಞಾನಗಳನ್ನು ಒಮ್ಮೆಲೇ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಕೇಳಬೇಕು. ಅದಕ್ಕೆ ಲೆಕ್ಕ ಬರುವುದಿಲ್ಲವೆಂದಲ್ಲ, ಲೆಕ್ಕ ಹೇಳುವ ಭಾಷೆ ಬರುವುದಿಲ್ಲ. ಮೆಕ್ಕೆಜೋಳದ ಕಟಾವು, ಅಡಿಕೆ ಸುಲಿತ ಶುರುವಾದರೆ ಕೂಲಿ ಮನೆಗಳ ಎಷ್ಟೋ ಮಕ್ಕಳು ಶಾಲೆ ತಪ್ಪಿಸುತ್ತಾರೆ. ಜಾತಿ, ಮತದ ಭೇದ ಇಲ್ಲಿಲ್ಲ. ಇವು ಬುದ್ಧಿಯ ಕೊರತೆಯಲ್ಲ, ತುಂಬಿಸಬಹುದಾದ ಕೊರತೆಗಳು.

ಆದರೆ ಮನೆಯವರು ಅವಸರಪಡುತ್ತಾರೆ. ಒಂಬತ್ತರಲ್ಲಿ ಅಂಕ ಕಡಿಮೆಯಾದರೆ ಹುಡುಗ ಗ್ಯಾರೇಜಿಗೆ, ಹುಡುಗಿ ಅಡುಗೆಮನೆಗೆ. 'ಓದಿ ಯಾವ ನೌಕರಿ ಸಿಗುತ್ತದೆ?' ಎಂಬ ಪ್ರಶ್ನೆ ಹುಸಿಯಲ್ಲ, ನೊಂದವರ ಬಾಯಿಂದ ಬಂದದ್ದು. ಅದಕ್ಕೆ ಉತ್ತರವೂ ಇದೆ. 2006ರ ಸಾಚಾರ್ ಸಮಿತಿ ವರದಿಯ ಪ್ರಕಾರ 6ರಿಂದ 14 ವರ್ಷದೊಳಗಿನ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಶಾಲೆಗೇ ಹೋಗಿರಲಿಲ್ಲ ಅಥವಾ ಅರ್ಧಕ್ಕೇ ಬಿಟ್ಟಿದ್ದರು. ಬಾಗಿಲವರೆಗೂ ಹೋಗದವರು ಒಳಗೆ ಜಾಗವಿಲ್ಲ ಎನ್ನುವುದು ಹೇಗೆ? ಗ್ಯಾರೇಜಿನ ಕಸುಬು ಕೀಳಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಮಾಡಿದವನಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವನಿಗೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ದಾರಿಯಿದೆ. ಒಂಬತ್ತರಲ್ಲೇ ಸ್ಪ್ಯಾನರ್ ಹಿಡಿಸಿದರೆ ಆ ದಾರಿ ಮುಚ್ಚುತ್ತದೆ.

ಮೂರನೆಯವರು ನಾವು, ಸಮುದಾಯದ ಹಿರಿಯರು. ವರ್ಷಕ್ಕೊಮ್ಮೆ ಪ್ರತಿಭಾ ಪುರಸ್ಕಾರ, ಶೇ. 90 ದಾಟಿದವರಿಗೆ ಶಾಲು, ಫಲಕ, ಫೋಟೊ. ಎಂಟರಲ್ಲಿ ಫೇಲಾದವನ ಮನೆಗೆ ಹೋದವರೆಷ್ಟು ಮಂದಿ? ಗೆದ್ದವರಿಗೆ ಹಾರ ಹಾಕುವುದು ಸುಲಭ. ಹಾರಕ್ಕೆ, ಶಾಮಿಯಾನಕ್ಕೆ ಖರ್ಚಾಗುವ ಹಣದಲ್ಲಿ ಕನ್ನಡ, ಇಂಗ್ಲಿಷ್, ಗಣಿತ ಹೇಳಿಕೊಡುವ ಸಂಜೆ ತರಗತಿ ನಡೆಸಬಹುದು. ಅದೂ ಹತ್ತನೇ ತರಗತಿಯ ಜನವರಿಯಲ್ಲಲ್ಲ, ಎಂಟನೆಯ ಜೂನ್‌ನಲ್ಲಿ. ಮದರಸದ ಕೋಣೆಯಿದೆ, ಪದವಿ ಮುಗಿಸಿ ಮನೆಯಲ್ಲಿ ಕುಳಿತ ಹೆಣ್ಣುಮಕ್ಕಳಿದ್ದಾರೆ. ಸಲ್ಲಿಸಬೇಕಾದ ಸಂಬಳ ಸಲ್ಲಿಸಿ ಅವರನ್ನೇ ಶಿಕ್ಷಕಿಯರನ್ನಾಗಿ ಮಾಡಬಾರದೇಕೆ? ಆ ತರಗತಿಗೆ ನೆರೆಮನೆಯ ಕೂಲಿಕಾರರ ಮಕ್ಕಳೂ ಬರಲಿ.

ಸರಕಾರ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸುತ್ತಿದೆ. ಮೊದಲ ಸಲ ಸೋತವನು ವರ್ಷ ಕಳೆದುಕೊಳ್ಳದೆ ಮತ್ತೆ ಬರೆಯಬಹುದು, ಉತ್ತಮ ಅಂಕವನ್ನೇ ಉಳಿಸಿಕೊಳ್ಳಬಹುದು. ಫಲಿತಾಂಶದ ದಿನವೇ ಮಗನನ್ನು ಕೆಲಸಕ್ಕೆ ಕಳುಹಿಸುವ ತಂದೆಗೆ ಇದನ್ನು ತಿಳಿಸಿ ಹೇಳುವವರು ಬೇಕು. ಪಾಸಿನ ಗೆರೆಯನ್ನು ಶೇ. 35ರಿಂದ 33ಕ್ಕೆ ಇಳಿಸುವುದಾಗಿ 2025ರ ಅಕ್ಟೋಬರ್‌ನಲ್ಲಿ ಸರಕಾರ ಪ್ರಕಟಿಸಿತು. ಗೆರೆ ಇಳಿಸಿದರೆ ಮಗು ಪಾಸಾದೀತು, ಪಿಯುಸಿಯಲ್ಲಿ ನಿಲ್ಲಲಾರದು. ನಿಲ್ಲಬೇಕಾದರೆ ಕಲಿಸಬೇಕು. ಸರಕಾರಿ ಹೈಸ್ಕೂಲುಗಳಲ್ಲಿ ಖಾಲಿ ಬಿದ್ದ ಗಣಿತ, ವಿಜ್ಞಾನ ಶಿಕ್ಷಕರ ಹುದ್ದೆಗಳನ್ನು ತುಂಬಿ ಎಂದು ಕೇಳುವ ಹಕ್ಕು ನಮಗಿದೆ. ಕೇಳುವ ಗಂಟಲು ಮಾತ್ರ ಚುನಾವಣಾ ಘೋಷಣೆಗಳಲ್ಲಿ ಕಟ್ಟಿಹೋಗಿದೆ.

ಹದಿನಾಲ್ಕು ವರ್ಷದ ಮಗುವಿನ ಮೇಲೆ ಕೊನೆಯ ತೀರ್ಪು ಕೊಡುವ ಅಧಿಕಾರ ಯಾರಿಗೂ ಇಲ್ಲ. ಕೊಡಲೇಬೇಕೆಂದಿದ್ದರೆ, ಮೊದಲು ಅದಕ್ಕೆ ಕಲಿಸಿ ನೋಡೋಣ.