‘ಯಾಕ’ ಬಿಟ್ಟು ‘ಹ್ಯಾಂಗ’ ಅಂತ ಕೇಳೋಣ



ರಾಜಕೀಯವೆಂದರೆ ಗಂಡಸರ ಕಟ್ಟೆಯ ಮಾತು ಅನ್ನುವ ಕಾಲ ಹೋಯಿತು. ನಮ್ಮ ಕೆಂಭಾವಿಯಲ್ಲಿ ಹೆಣ್ಣುಮಕ್ಕಳು ಬದನೆಕಾಯಿ ಆರಿಸುತ್ತಲೇ ಸರಕಾರದ ಲೆಕ್ಕ ಹಾಕುತ್ತಾರೆ. ಒಬ್ಬಾಕೆಗೆ 2016ರಲ್ಲಿ ಬಂದ ಉಜ್ವಲಾ ಗ್ಯಾಸು ದೊಡ್ಡದು, ಇನ್ನೊಬ್ಬಾಕೆಗೆ 2023ರ ಗೃಹಲಕ್ಷ್ಮಿಯ ಎರಡು ಸಾವಿರ ದೊಡ್ಡದು. ನಮ್ಮ ಪಕ್ಷ ತಂದಿದ್ದು ಅಮೃತ, ಬೇರೆಯವರು ತಂದಿದ್ದು ವಿಷ! ಇಷ್ಟಕ್ಕೇ ನೆಗೆಣ್ಣಿಯರು ಮಾತು ಬಿಟ್ಟ ಮನೆಗಳೂ ಉಂಟು.

ಒಂದು ಪಕ್ಷ ಮೆಚ್ಚುವುದು ತಪ್ಪಲ್ಲ. ‘ನನಗ ಎಲ್ಲಾ ಗೊತ್ತದ’ ಅನ್ನುವುದೇ ಕುತ್ತು. ಅಮೆರಿಕದ ಫಿಲಿಪ್ ಫರ್ನ್‌ಬ್ಯಾಕ್ ಮತ್ತು ಸಂಗಡಿಗರು 2013ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಸರಕಾರದ ಒಂದು ನೀತಿ ಯಾಕೆ ಬೇಕು ಎಂದು ಕೇಳಿದರೆ ಜನ ತಮ್ಮ ಹಟದಲ್ಲೇ ಉಳಿದರು. ಅದು ಹೇಗೆ ನಡೆಯುತ್ತದೆ, ಬಿಡಿಸಿ ಹೇಳಿ ಎಂದಾಗ ತಮಗೆ ಗೊತ್ತಿರುವುದು ಕಡಿಮೆ ಎಂದು ತಿಳಿಯಿತು, ಹಟವೂ ಸಡಿಲಾಯಿತು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಪ್ರತಿ ಸಲ ಹಾಗಾಗಲಿಲ್ಲ. ಆದರೂ ಖರ್ಚಿಲ್ಲದ ಮದ್ದು, ಮಾಡಿ ನೋಡಬಹುದು. ಈ ವಿನಯ ಯಾವ ಪಕ್ಷದವರ ಸ್ವತ್ತೂ ಅಲ್ಲ. ಎರಡೂ ಕಡೆ ಸಮನಾಗಿಯೇ ಇದೆ ಎಂದು ಡ್ಯೂಕ್ ವಿಶ್ವವಿದ್ಯಾಲಯದ ಮಾರ್ಕ್ ಲಿಯರಿ 2017ರಲ್ಲಿ ತೋರಿಸಿದರು.

ನಮ್ಮ ನಾಡಿನಲ್ಲೇ ನೋಡಿರಿ. 1984ರ ಡಿಸೆಂಬರಿನಲ್ಲಿ ಲೋಕಸಭೆಯ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಜನರ ತೀರ್ಪಿಗೆ ತಲೆಬಾಗಿ ರಾಜೀನಾಮೆ ಕೊಟ್ಟು ಮತ್ತೆ ಚುನಾವಣೆಗೆ ನಿಂತರು. 1985ರ ಮಾರ್ಚಿನಲ್ಲಿ ಅದೇ ಜನ ಅವರ ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟರು. ದಿಲ್ಲಿಗೊಂದು ಲೆಕ್ಕ, ಬೆಂಗಳೂರಿಗೊಂದು ಲೆಕ್ಕ! ಬರೀ ಚಿಹ್ನೆ ನೋಡಿ ಮುದ್ರೆ ಒತ್ತಿದ್ದರೆ ಹೀಗಾಗುತ್ತಿತ್ತೇ?

ಮುಂದಿನ ಸಲ ಮಾತು ಬಿಸಿಯಾದಾಗ ಹೀಗೆ ಮಾಡಿರಿ. ನೀವು ಮೆಚ್ಚಿದ ಪಕ್ಷದ ಯೋಜನೆಯಿಂದಲೇ ಶುರುಮಾಡಿ. ‘ಗೃಹಲಕ್ಷ್ಮಿ ರೊಕ್ಕ ಎಲ್ಲಿಂದ, ಹ್ಯಾಂಗ ಬರ್ತದ?’ ‘ಗ್ಯಾಸು ಬಂತು, ಸಿಲಿಂಡರು ತುಂಬಿಸೋ ಖರ್ಚು ಹ್ಯಾಂಗ?’ ಉತ್ತರ ತಿಳಿಯದಿದ್ದರೆ ‘ಗೊತ್ತಿಲ್ಲವ್ವಾ, ಕೇಳಿ ಹೇಳ್ತೀನಿ’ ಅಂದರೆ ಮರ್ಯಾದೆಯೇನೂ ಹೋಗುವುದಿಲ್ಲ. ಎದುರಿನವರ ಬಾಯಿಂದಲೂ ಅದೇ ಮಾತು ಬಂದೀತು.

ಹೊಸ ಜೋಳ ಬೀಸಿ ತಂದರೆ ಹಿಟ್ಟು ಎಷ್ಟು ನೀರು ಹಿಡಿಯುತ್ತದೆಂದು ನೋಡಿಯೇ ನಾದುತ್ತೇವೆ. ಮತ ಹಾಕುವಾಗಲೂ ಅಷ್ಟು ನೋಡುವುದು ಬೇಡವೇ?