ಆಫೀಸಿಗೂ ಬೆಟ್ಟಕ್ಕೂ ಒಂದೇ ಬ್ಯಾಗು

ಉಳ್ಳಾಲದಲ್ಲಿ ಬ್ಯಾಗಿಗೆ ಮೂರು ಶತ್ರುಗಳು: ಮಳೆ, ಉಪ್ಪುಗಾಳಿ, ಬಸ್ಸಿನ ನೂಕುನುಗ್ಗಲು. ಮೂರನ್ನೂ ತಡಕೊಂಡ ನನ್ನ ಬ್ಯಾಗು ಸೋತದ್ದು ಕುಮಾರ ಪರ್ವತದಲ್ಲಿ. 1,712 ಮೀಟರ್ ಹತ್ತಿ ಇಳಿಯುವಾಗ, ಭಟ್ಟರ ಮನೆ ಇನ್ನೂ ದೂರ ಇರುವಾಗಲೇ, ಎಡಗಡೆ ಪಟ್ಟಿ ಬುಡದಿಂದ ಕಿತ್ತು ಬಂತು. ಭಾರವೆಲ್ಲ ಒಂದೇ ಹೆಗಲಿಗೆ. ಇಳಿಜಾರಲ್ಲಿ ಎರಡು ಸಲ ಜಾರಿ ಬಿದ್ದೆ. ಕಾಲು ಮುರಿಯದ್ದು ಪುಣ್ಯ.

ಮರುದಿನ ತೊಕ್ಕೊಟ್ಟಿನಲ್ಲಿ ಚಪ್ಪಲಿ ರಿಪೇರಿಯವರ ಹತ್ರ ಒಯ್ದೆ. "ಬಟ್ಟೆ ಗಟ್ಟಿ ಉಂಟು ಮಾರಾಯ್ರೇ, ಹೊಲಿಗೆ ಮಾತ್ರ ಒಂದೇ ಸಾಲು" ಅಂದ್ರು. ದಪ್ಪ ನೂಲಲ್ಲಿ ಅಡ್ಡಡ್ಡ ಹೊಲಿದು 60 ರೂಪಾಯಿ ತಗೊಂಡ್ರು.

ಮೊನ್ನೆ ತಮ್ಮನಿಗೆ ಕೆಲಸ ಸಿಕ್ಕಿತು, ಬ್ಯಾಗು ಕೊಡಿಸಲು ಹೋದೆ. ಬ್ರ್ಯಾಂಡಿಗಿಂತ ಮೊದಲು ಪಟ್ಟಿಯ ಬುಡ ನೋಡಿದೆ: ಚೌಕದೊಳಗೆ ಗುಣಾಕಾರ ಚಿಹ್ನೆಯಂತೆ ಹೊಲಿಗೆ ಇದ್ದರೆ ಎಳೆತ ಹಂಚಿಹೋಗುತ್ತದೆ. ಆಮೇಲೆ ಜಿಪ್ಪನ್ನು ಮೂಲೆಗಳಲ್ಲಿ ಹತ್ತು ಸಲ ಎಳೆದೆ. ಡೀನಿಯರ್ ಅಂದ್ರೆ 9,000 ಮೀಟರ್ ನೂಲಿನ ತೂಕ, ಗ್ರಾಂ ಲೆಕ್ಕದಲ್ಲಿ. ಸಂಖ್ಯೆ ಹೆಚ್ಚಿದ್ದಷ್ಟೂ ನೂಲು ದಪ್ಪ. ಆಫೀಸಿಗೂ ಒಂದು ದಿನದ ಚಾರಣಕ್ಕೂ 25ರಿಂದ 30 ಲೀಟರ್ ಧಾರಾಳ. ಸೊಂಟದ ಪಟ್ಟಿ ಇದ್ದರೆ ಹೆಗಲಿಗೆ ಆರಾಮ.

"ವಾಟರ್ ರೆಸಿಸ್ಟೆಂಟ್" ಅಂತ ಬರೆದದ್ದನ್ನು ನಂಬಿ ನಮ್ಮ ಜುಲೈ ಮಳೆಗೆ ಇಳಿಯಬೇಡಿ. ನೀರು ಜಿಪ್ಪಿನಲ್ಲೂ ಹೊಲಿಗೆಯಲ್ಲೂ ನುಗ್ಗುತ್ತದೆ. ರೈನ್ ಕವರ್ ಹಾಕಿ, ಲ್ಯಾಪ್‌ಟಾಪಿಗೆ ಒಳಗೊಂದು ಪ್ಲಾಸ್ಟಿಕ್ ಚೀಲ ಇರಲಿ. ಒದ್ದೆ ಬ್ಯಾಗನ್ನು ಅಟ್ಟಕ್ಕೆ ಎಸೆದರೆ ಒಳಗಿನ ಲೇಪ ಅಂಟಂಟಾಗಿ ಕಿತ್ತು ಬರುತ್ತದೆ, ನೆರಳಲ್ಲಿ ಒಣಗಿಸಿ.

ನಂಗೂ ಹೊಸದು ತಗೋ ಅಂದ ತಮ್ಮ. ಬೇಡ ಅಂದೆ. 60 ರೂಪಾಯಿಯ ಹೊಲಿಗೆ ಇನ್ನೂ ಗಟ್ಟಿ ಉಂಟು.