ಹಸುವಿಗೆ ಹೊತ್ತಿಗೆ ಸರಿಯಾಗಿ ಮೇವು, ನಿಮಗೆ?



ಹೋದ ತಿಂಗಳು ಒಂದು ಹಳ್ಳಿಗೆ ಹಸುವಿನ ಚಿಕಿತ್ಸೆಗೆ ಹೋಗಿದ್ದೆ. ಆ ಮನೆಯಲ್ಲಿ ಹಿಂದಿನ ದಿನ ನಾಮಕರಣದ ಊಟ. ಉಳಿದ ಅನ್ನ ದಂಡವಾಗಬಾರದೆಂದು ಹಸುವಿಗೆ ಹಾಕಿದ್ದರು. ಬೆಳಿಗ್ಗೆ ಹೊತ್ತಿಗೆ ಹಸು ಮೆಲುಕು ನಿಲ್ಲಿಸಿ, ನೀರಿನಂತೆ ಸಗಣಿ ಹಾಕುತ್ತಿತ್ತು. ಹೊಟ್ಟೆಯಲ್ಲಿ ಆಮ್ಲ ಹೆಚ್ಚಾದಾಗ ಆಗುವುದೇ ಹೀಗೆ. ಚಿಕಿತ್ಸೆ ಕೊಟ್ಟು, ಒಣಹುಲ್ಲು ಎಷ್ಟು, ಹಿಂಡಿ ಯಾವಾಗಿನಿಂದ ಎಂದು ಹೇಳಿದೆ. ಆ ಮನೆಯ ಅಕ್ಕ ಒಂದೂ ಬಿಡದೆ ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು.

ಹೊರಡುವಾಗ ನೋಡಿದೆ, ಅಕ್ಕ ಎದೆಯ ಕೆಳಗೆ ಕೈ ಒತ್ತಿಕೊಂಡು ನಿಂತಿದ್ದರು. ಕೇಳಿದ್ದಕ್ಕೆ ಒಳಗಿನಿಂದ ಎಂಡೋಸ್ಕೋಪಿ ವರದಿ ತಂದು ತೋರಿಸಿದರು. ಜಠರದಲ್ಲಿ ಹುಣ್ಣು, ಅಂದರೆ ಅಲ್ಸರ್. ವರದಿ ಬಂದು ಎರಡು ತಿಂಗಳಾಗಿತ್ತು. "ಊಟದಲ್ಲಿ ಏನು ಬದಲಾಯಿಸಿದ್ರಿ?" ಎಂದೆ. "ಮಾತ್ರೆ ತಗೊಂಡೆ ಮೇಡಂ. ನನಗೊಬ್ಬಳಿಗೆ ಬೇರೆ ಅಡುಗೆ ಯಾರು ಮಾಡ್ತಾರೆ?" ಎಂದರು.

ಅದೇ ಮನೆಯಲ್ಲಿ ಹಿಂದಿನ ವರ್ಷ ಯಜಮಾನರಿಗೆ ಲಿವರಿನಲ್ಲಿ ಕೊಬ್ಬಿದೆ ಎಂದು ಡಾಕ್ಟರು ಹೇಳಿದ್ದರಂತೆ. ಆಗ ಬೋಂಡ, ಹಪ್ಪಳ ನಿಂತವು, ಎಣ್ಣೆ ಅರ್ಧಕ್ಕೆ ಇಳಿಯಿತು, ರಾತ್ರಿ ಅನ್ನ ಕಡಿಮೆಯಾಗಿ ತರಕಾರಿ ಹೆಚ್ಚಾಯಿತು. ಇಡೀ ಮನೆ ಬದಲಾಯಿತು. ಬದಲಾಯಿಸಿದವರು ಇದೇ ಅಕ್ಕ.

ಇದು ಒಂದು ಮನೆಯ ಕಥೆಯಲ್ಲ. ಅದಕ್ಕೇ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಮನೆಯಲ್ಲಿ ಒಬ್ಬರ ಹೊಟ್ಟೆಗೆ ಕಾಯಿಲೆ ಎಂದು ಗೊತ್ತಾದರೆ ಇಡೀ ಮನೆಯ ಊಟದ ಕ್ರಮ ಬದಲಾಗಬೇಕು. ಆ ಒಬ್ಬರು ಅಡುಗೆ ಮಾಡುವ ಹೆಂಗಸಾದರೂ ಅಷ್ಟೇ.

ನಿಮ್ಮ ದಿನಚರಿ ನನಗೆ ಗೊತ್ತು. ಐದು ಗಂಟೆಗೆ ಎದ್ದು ಕೊಟ್ಟಿಗೆ, ಖಾಲಿ ಹೊಟ್ಟೆಗೆ ಟೀ, ಹಾಲು ಕರೆದು ಡೇರಿಗೆ ಓಟ. ವಾಪಸ್ ಬಂದು ಮಕ್ಕಳ ಬುತ್ತಿ, ಸಗಣಿ ಬಾಚುವುದು, ಮೇವು ಕೊಯ್ಯುವುದು. ನಿಮ್ಮ ಬಾಯಿಗೆ ತುತ್ತು ಹೋಗುವಾಗ ಹನ್ನೊಂದು. ಮಧ್ಯೆ ಸೊಂಟ ನೋವು, ಮಂಡಿ ನೋವು ಎಂದು ಅಂಗಡಿಯಿಂದ ತಂದ ನೋವಿನ ಮಾತ್ರೆ, ಅದೂ ಬರೀ ಹೊಟ್ಟೆಗೆ. ಉರಿ ಬಂದರೆ "ಗ್ಯಾಸ್ಟ್ರಿಕ್" ಎಂದು ಒಂದು ಚಿಟಿಕೆ ಸೋಡಾ.

ನಾನು ದನಗಳ ಡಾಕ್ಟರು, ನಿಮಗೆ ಔಷಧಿ ಬರೆಯುವವಳಲ್ಲ. ಆದರೆ ಎಲ್ಲರಿಗೂ ಗೊತ್ತಿರಬೇಕಾದ ಕೆಲವು ಮಾತುಗಳಿವೆ. ಜಠರದ ಹುಣ್ಣಿಗೆ ಖಾರ ಮೂಲ ಕಾರಣವಲ್ಲ. ಮುಖ್ಯ ಕಾರಣ ಎರಡು: ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳು. ಈ ಬ್ಯಾಕ್ಟೀರಿಯಾವನ್ನು ಕಂಡುಹಿಡಿದ ಆಸ್ಟ್ರೇಲಿಯಾದ ಇಬ್ಬರು ವೈದ್ಯರಿಗೆ 2005ರಲ್ಲಿ ನೊಬೆಲ್ ಬಹುಮಾನ ಬಂತು. ಆದ್ದರಿಂದ ಡಾಕ್ಟರು ಕೊಟ್ಟ ಔಷಧಿಯನ್ನು ಉರಿ ಕಡಿಮೆಯಾಯಿತೆಂದು ಮಧ್ಯದಲ್ಲಿ ಬಿಡಬೇಡಿ. ಕೆಚ್ಚಲು ಬಾವಿಗೆ ಅರ್ಧ ಕೋರ್ಸ್ ಕೊಟ್ಟು ನಿಲ್ಲಿಸಿದರೆ ಏನಾಗುತ್ತದೆಂದು ನಿಮಗೇ ಗೊತ್ತು. ನೀವು ನೋವಿನ ಮಾತ್ರೆ ನುಂಗುತ್ತಿದ್ದರೆ ಅದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಇನ್ನೊಂದು ಮಾತನ್ನು ಹಾಲಿನ ಒಕ್ಕೂಟದ ಪತ್ರಿಕೆಯಲ್ಲೇ ಬರೆಯಬೇಕು. ಹೊಟ್ಟೆ ಉರಿಗೆ ತಣ್ಣನೆ ಹಾಲು ಕುಡಿದರೆ ಆ ಕ್ಷಣಕ್ಕೆ ತಂಪೆನಿಸುತ್ತದೆ, ನಿಜ. ಆದರೆ ಸ್ವಲ್ಪ ಹೊತ್ತಿಗೆ ಜಠರ ಇನ್ನಷ್ಟು ಆಮ್ಲ ಸುರಿಸುತ್ತದೆ. ಹಾಲು ಒಳ್ಳೆಯ ಆಹಾರ, ಅಲ್ಸರಿಗೆ ಔಷಧಿಯಲ್ಲ. ಅದನ್ನು ಊಟದ ಭಾಗವಾಗಿ ಕುಡಿಯಿರಿ, ಚಿಕಿತ್ಸೆಯ ಬದಲು ಬೇಡ.

ಊಟ ಬದಲಾಯಿಸುವುದು ಹೇಗೆ? ಅದನ್ನು ನೀವು ಕೊಟ್ಟಿಗೆಯಲ್ಲಿ ಈಗಾಗಲೇ ಮಾಡುತ್ತಿದ್ದೀರಿ. ಹೊಸ ಪಶು ಆಹಾರವನ್ನು ಒಂದೇ ದಿನ ಪೂರ್ತಿ ಹಾಕುವುದಿಲ್ಲ. ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ ಹತ್ತು ಹದಿನೈದು ದಿನದಲ್ಲಿ ಒಗ್ಗಿಸುತ್ತೀರಿ. ಮನೆಯಲ್ಲೂ ಹಾಗೇ ಮಾಡಿ. ಸಾರಿಗೆ ಹಾಕುವ ಮೆಣಸಿನಕಾಯಿಯಲ್ಲಿ ಈ ವಾರ ಎರಡು ಕಡಿಮೆ, ಮುಂದಿನ ವಾರ ಇನ್ನೆರಡು. ಖಾರ ಬೇಕಾದವರು ಚಟ್ನಿಪುಡಿ, ಉಪ್ಪಿನಕಾಯಿ ಹಾಕಿಕೊಳ್ಳಲಿ. ಹಾಕಿದ ಖಾರವನ್ನು ಸಾರಿನಿಂದ ತೆಗೆಯಲಾಗದು, ಇಲ್ಲದ ಖಾರವನ್ನು ಯಾರು ಬೇಕಾದರೂ ಸೇರಿಸಿಕೊಳ್ಳಬಹುದು. ಆಗ ಎರಡು ಅಡುಗೆಯ ಕೆಲಸವೂ ಇಲ್ಲ.

ರಾತ್ರಿಯೇ ರಾಗಿ ಅಂಬಲಿ ಕಾಸಿಡಿ. ಬೆಳಿಗ್ಗೆ ಡೇರಿಗೆ ಹೋಗುವ ಮೊದಲು ಒಂದು ಲೋಟ ಅಂಬಲಿ, ಇಲ್ಲವೇ ಒಂದು ಬಾಳೆಹಣ್ಣು. ಟೀ ಆಮೇಲೆ. ಕೂತು ಅಗಿದು ತಿನ್ನಿ. ಮೆಲುಕು ಹಾಕುವ ಹಸುವಿಗಿರುವಷ್ಟು ಪುರುಸೊತ್ತು ನಮಗಿಲ್ಲ, ಹತ್ತು ನಿಮಿಷವಂತೂ ಇರಲಿ. ರಾತ್ರಿ ಉಂಡ ತಕ್ಷಣ ಮಲಗಬೇಡಿ.

ಆದರೆ ಇವೆಲ್ಲಕ್ಕೂ ಸಮಯ ಬೇಕು, ಆ ಸಮಯ ಕೊಡಬೇಕಾದವರು ಮನೆಯವರು. ದಿನಕ್ಕೆ ಒಂದು ಹೊತ್ತಾದರೂ ಹಾಲಿನ ಕ್ಯಾನನ್ನು ಇನ್ನೊಬ್ಬರು ಡೇರಿಗೆ ಒಯ್ಯಲಿ. ಎಲ್ಲರೂ ಉಂಡ ಮೇಲೆ ಉಳಿದದ್ದು ನಿಮಗೆ ಎಂಬ ಪದ್ಧತಿ ಬಿಟ್ಟು ಎಲ್ಲರೂ ಒಟ್ಟಿಗೆ ಕೂರಿ. "ಅತ್ತೆ, ಮಕ್ಕಳು ಸಪ್ಪೆ ಊಟ ಒಪ್ಪಲ್ಲ" ಎನ್ನುತ್ತೀರಿ. ಯಜಮಾನರಿಗಾಗಿ ಒಪ್ಪಿದವರು ನಿಮಗಾಗಿಯೂ ಒಪ್ಪಬೇಕು. ನೀವು ಕೇಳಲೇ ಇಲ್ಲ ಅನಿಸುತ್ತದೆ, ಒಮ್ಮೆ ಬಾಯಿಬಿಟ್ಟು ಕೇಳಿ. ಈ ಪುಟವನ್ನು ಅವರಿಗೂ ಓದಲು ಕೊಡಿ.

ಮಲ ಟಾರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ ಸೋಡಾ ಕುಡಿದು ಕಾಯಬೇಡಿ. ಹಸು ಒಂದು ಹೊತ್ತು ಮೇವು ಬಿಟ್ಟರೆ ನನಗೆ ಫೋನ್ ಮಾಡುತ್ತೀರಿ. ಅಷ್ಟೇ ಬೇಗ ನೀವೂ ಆಸ್ಪತ್ರೆಗೆ ಹೋಗಿ.

ಮುಂದಿನ ಸಲ ನಿಮ್ಮ ಕೊಟ್ಟಿಗೆಗೆ ಬಂದಾಗ "ಹಸು ಮೇವು ತಿಂತಾ?" ಎಂದು ಕೇಳುವ ಮೊದಲು "ನೀವು ತಿಂದ್ರಾ ಅಕ್ಕ?" ಎಂದು ಕೇಳುತ್ತೇನೆ. ನಿಜ ಹೇಳಬೇಕು.